ಡಬ್ಬಿ ತರಬೇಡಿ ಎಂದ ಚಕ್ರವರ್ತಿ

ಕಳೆದ ವಾರ ನಮ್ಮ ಪಿನಾಂಗ್ ಕನ್ನಡ ಬಳಗದ ಗ್ರೂಪಿಗೆ ಒಂದು ಮೆಸೇಜ್ ಬಂತು. ಒಂದು ಕಾಲದಲ್ಲಿ ನಮ್ಮ ಅಧ್ಯಕ್ಷರಾಗಿದ್ದವರು ನಿವೃತ್ತರಾಗಿ ಮಲೇಷ್ಯಾ ಬಿಟ್ಟು ಹೊರಟಿದ್ದಾರೆ, ಅವರಿಗೊಂದು ನೆನಪಿನ ಪುಸ್ತಕ ಮಾಡಿಕೊಡೋಣ, ಎಲ್ಲರೂ ನಾಲ್ಕು ಒಳ್ಳೆಯ ಮಾತು ಬರೆದು ಕಳಿಸಿ ಎಂದು. ಕೆಳಗೆ ಕೈಮುಗಿದ ಚಿತ್ರ, ಹೂಗುಚ್ಛದ ಚಿತ್ರ. ನಾನು ಎರಡು ದಿನ ಹುಡುಕಿದೆ. ಒಂದು ಒಳ್ಳೆಯ ಮಾತು ಸಿಕ್ಕಿತು: ಮನುಷ್ಯ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಉಳಿದ ಮೂರು ಸಿಗಲಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಇಲ್ಲಿ ನನ್ನ ಪೇಜಿನಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಗೊತ್ತಿಲ್ಲದವರು ಪುಣ್ಯವಂತರು.

ಅವರಿಗೆ ನೆಪೋಲಿಯನ್ ಹುಚ್ಚು. ಸುಮ್ಮನೆ ಇಷ್ಟ ಅಂತಲ್ಲ, ಹುಚ್ಚು. ಬಯಾನ್ ಲೆಪಾಸ್‌ನ ನಮ್ಮದೇ ಕಾಂಡೋದ ಹದಿನೆಂಟನೇ ಮಹಡಿಯಲ್ಲಿ ಅವರ ಮನೆ. ಬಾಗಿಲು ತೆರೆದರೆ ಎದುರಿಗೆ ಗಣಪತಿ ಅಲ್ಲ, ಬಿಳಿ ಕುದುರೆಯ ಮೇಲೆ ಕೂತ ಫ್ರಾನ್ಸಿನ ಚಕ್ರವರ್ತಿ. ಗಣಪತಿ ಶೂ ಸ್ಟ್ಯಾಂಡಿನ ಪಕ್ಕ, ಚಿಕ್ಕದು. ರಾತ್ರಿ ನಾಲ್ಕೇ ಗಂಟೆ ಮಲಗುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದರು, ಏಕೆಂದರೆ ಅವನೂ ಕಮ್ಮಿ ಮಲಗುತ್ತಿದ್ದನಂತೆ. ಭಾನುವಾರ ಮಧ್ಯಾಹ್ನ ಅವರ ಮನೆಗೆ ಫೋನ್ ಮಾಡಿದರೆ ಹೆಂಡತಿ ಮೆಲ್ಲಗೆ ಹೇಳುತ್ತಿದ್ದರು, "ಮಲಗಿದ್ದಾರಮ್ಮಾ, ಬೆಳಗ್ಗೆ ತಿಂಡಿ ತಿಂದು ಮಲಗಿದೋರು."

ಅವರು ನಮ್ಮನ್ನು ಊಟಕ್ಕೆ ಕರೆದರೆ ಇನ್ನೊಂದು ಕಷ್ಟ. ಚಕ್ರವರ್ತಿ ಗಬಗಬನೆ ತಿಂದು ಏಳುತ್ತಿದ್ದನೆಂದು ಇವರೂ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದರು. ಮನೆಯ ಯಜಮಾನ ಎದ್ದ ಮೇಲೆ ನಾವು ಕೂತಿರುವುದು ಹೇಗೆ? ನನ್ನ ಗಂಡ ಒಮ್ಮೆ ಬಿಸಿ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು. ಇವತ್ತಿಗೂ ಆ ಹೋಳಿಗೆಯ ಮಾತು ಬರುತ್ತದೆ.

"ಊಟ ಅಂದ್ರೆ ಜಸ್ಟ್ ಫ್ಯುಯೆಲ್ ಅಮ್ಮಾ," ಎನ್ನುತ್ತಿದ್ದರು ನನಗೆ. "ನಮ್ಮ ಜನ ಊಟದಲ್ಲೇ ಲೈಫ್ ವೇಸ್ಟ್ ಮಾಡ್ತಾರೆ."

ಇಂಥವರು ಅಧ್ಯಕ್ಷರಾದದ್ದು ಹೇಗೆ ಎಂದರೆ, ತಪ್ಪು ನಮ್ಮದೇ. ಅವರು ಬರುವ ಮೊದಲು ನಮ್ಮ ಬಳಗಕ್ಕೆ ಅಧ್ಯಕ್ಷರೇ ಇರಲಿಲ್ಲ. ಇಪ್ಪತ್ತು ಚಿಲ್ಲರೆ ಮನೆ, ಹಬ್ಬಕ್ಕೊಮ್ಮೆ ಎಲ್ಲರೂ ಒಂದೊಂದು ಪಾತ್ರೆ ಅಡುಗೆ ತಂದು ಉಣ್ಣುವುದು, ಅಷ್ಟೇ. ಒಂದು ವರ್ಷ ರಾಜ್ಯೋತ್ಸವದ ಊಟದಲ್ಲಿ ಕೋಳಿ ಸುಕ್ಕ ಇರಬೇಕೋ ಬೇಡವೋ ಎಂದು ಮಂಗಳೂರಿನವರಿಗೂ ಬೆಂಗಳೂರಿನವರಿಗೂ ಜಗಳ ಹತ್ತಿತು. ಅದು ಎಷ್ಟಕ್ಕೆ ಹೋಯಿತೆಂದರೆ ಒಂದೇ ದಿನ, ಒಂದೇ ಕಾಂಡೋದಲ್ಲಿ, ಎರಡು ರಾಜ್ಯೋತ್ಸವ. ಮೇಲಿನ ಮಹಡಿಯಲ್ಲಿ ನಾಡಗೀತೆ ಹಾಡಿದರೆ ಕೆಳಗಿನವರು ಸ್ಪೀಕರ್ ಜೋರು ಮಾಡುತ್ತಿದ್ದರು. ಆಗ ಬೆಂಗಳೂರಿನಿಂದ ಇವರು ಬಂದರು. ದೊಡ್ಡ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ವಿಭಾಗದ ಮುಖ್ಯಸ್ಥರು, ಎತ್ತರದ ಆಳು, ಒಳ್ಳೆಯ ಗಂಟಲು. ಒಂದೇ ಹಾಲ್, ಎರಡು ಮೇಜು, ನಡುವೆ ಒಂದು ಪರದೆ ಎಂದು ಹೇಳಿ ಒಂದು ಸಂಜೆಯಲ್ಲಿ ಜಗಳ ಮುಗಿಸಿದರು. ನಮಗೆ ಎಂಥ ನೆಮ್ಮದಿಯಾಯಿತೆಂದರೆ, ಅವರು ಮುಂದೆ ಕೇಳಿದ್ದನ್ನೆಲ್ಲ ಕೊಟ್ಟೆವು.

ಮೊದಲು ಮೂರು ಜನರ ಸಮಿತಿ. ಇವರು, ಮಂಗಳೂರಿನವರ ಪರವಾಗಿ ರೋಷನ್, ಹಿರಿಯರೆಂದು ಡಾಕ್ಟ್ರಮ್ಮ. ಡಾಕ್ಟ್ರಮ್ಮ ಧಾರವಾಡದ ಕಡೆಯವರು, ಎಂಬತ್ತರ ಹತ್ತಿರ, ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಯುಗಾದಿಯ ಹೊತ್ತಿಗೆ ಡಾಕ್ಟ್ರಮ್ಮ 'ಗೌರವ ಸಲಹೆಗಾರ್ತಿ' ಆಗಿದ್ದರು, ರೋಷನ್ 'ಸಾರಿಗೆ ಉಸ್ತುವಾರಿ' ಆಗಿದ್ದ, ಸಮಿತಿ ಎಂದರೆ ಇವರೊಬ್ಬರೇ ಆಗಿದ್ದರು. ನೆಪೋಲಿಯನ್ನನೂ ಮೊದಲು ಮೂವರಲ್ಲಿ ಒಬ್ಬನಾಗಿ ಶುರು ಮಾಡಿದವನೇ ಎಂದು ಆಮೇಲೆ ಮಗಳ ಶಾಲೆಯ ಲೈಬ್ರರಿ ಪುಸ್ತಕದಲ್ಲಿ ಓದಿದೆ. ನಮಗೆ ಮೊದಲೇ ಯಾರಾದರೂ ಹೇಳಬಾರದಿತ್ತೇ!

ಮುಂದಿನ ರಾಜ್ಯೋತ್ಸವದಲ್ಲಿ ಅಧ್ಯಕ್ಷರಿಗೆ ಮೈಸೂರು ಪೇಟ ತೊಡಿಸುವ ಕಾರ್ಯಕ್ರಮ. ಡಾಕ್ಟ್ರಮ್ಮ ನಡುಗುವ ಕೈಯಲ್ಲಿ ಪೇಟ ಹಿಡಿದು ಎದ್ದು ಬಂದರು. ಇವರು ಆ ಪೇಟವನ್ನು ಅವರ ಕೈಯಿಂದ ತೆಗೆದುಕೊಂಡು, ತಮ್ಮ ತಲೆಗೆ ತಾವೇ ಇಟ್ಟುಕೊಂಡು, ಕ್ಯಾಮೆರಾ ಕಡೆ ತಿರುಗಿದರು. ಪಾಪ, ವಯಸ್ಸಾದವರಿಗೆ ಕೈ ಎತ್ತುವುದು ಕಷ್ಟ ಎಂದು ಸಹಾಯ ಮಾಡಿದರೇನೋ ಅಂದುಕೊಂಡು ನಾನು ಚಪ್ಪಾಳೆ ತಟ್ಟಿದೆ. ಪೋಪ್ ಪಕ್ಕದಲ್ಲೇ ಇದ್ದಾಗ ಚಕ್ರವರ್ತಿ ಕಿರೀಟವನ್ನು ತಾನೇ ಎತ್ತಿ ಇಟ್ಟುಕೊಂಡದ್ದು ನನಗೆ ಹೇಗೆ ಗೊತ್ತಿರಬೇಕು? ಡಾಕ್ಟ್ರಮ್ಮ ಮಾತ್ರ ವಾಪಸ್ ಬಂದು ಕೂತು, "ನನ್ನ ಕೈಯಾಗ ಹೇನು ಅದಾವೇನ್ ಅವ್ವಾ?" ಎಂದು ಕೇಳಿದರು.

ಆಮೇಲೆ ಸಾಮ್ರಾಜ್ಯ ಬೆಳೆಯಿತು. ಭಾಮೈದ ಸಾಂಸ್ಕೃತಿಕ ಕಾರ್ಯದರ್ಶಿ, ಹೆಂಡತಿ ಮಹಿಳಾ ವಿಭಾಗ, ತಂಗಿ ಮಕ್ಕಳ ವಿಭಾಗ. ನೆಪೋಲಿಯನ್ ತನ್ನ ಅಣ್ಣತಮ್ಮಂದಿರನ್ನು ಊರೂರಿಗೆ ರಾಜರನ್ನಾಗಿ ಮಾಡಿದ್ದನಲ್ಲ, ಹಾಗೆ. ನಮಗೆಲ್ಲ ಪದಕ. ಹಳದಿ ಕೆಂಪು ರಿಬ್ಬನ್ನಿನ ಪದಕ, ಮೇಲೆ 'ಬಳಗ ರತ್ನ' ಎಂದು. ನನ್ನ ಗಂಡನಿಗೂ ಒಂದು ಬಂತು. ನಾನು ನಗಲಿಲ್ಲ. ಫ್ರಿಜ್ಜಿನ ಮೇಲೆ ತೂಗುಹಾಕಿ ಫೋಟೋ ತೆಗೆದು ಊರಿಗೆ ಕಳಿಸಿದೆ. ಅಷ್ಟು ಅಗ್ಗಕ್ಕೆ ಹೋದವರು ನಾವು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ರೋಷನ್ ಫ್ಯಾಕ್ಟರಿಯಲ್ಲಿ ಅವರದೇ ವಿಭಾಗದ ಎಂಜಿನಿಯರ್. ಇಲ್ಲಿ ನಾವೆಲ್ಲ ಇರುವುದು ಪಾಸ್‌ಪೋರ್ಟಿನ ಮೇಲಿನ ಕೆಲಸದ ಪಾಸ್ ನಂಬಿಕೊಂಡು. ಎರಡು ವರ್ಷಕ್ಕೊಮ್ಮೆ ಅದು ಮುಗಿಯುತ್ತದೆ, ಇವನು ಬೇಕು ಎಂದು ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ಮಾತ್ರ ಕಂಪನಿ ಮತ್ತೆ ಅರ್ಜಿ ಹಾಕುತ್ತದೆ. ಆ ವರ್ಷ ರೋಷನ್ ಪಾಸ್ ಮುಗಿಯುವುದಿತ್ತು. ಮಗಳು ರಿಯಾ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಅಪ್ಪನ ಪಾಸ್ ಹೋದರೆ ಪರೀಕ್ಷೆಗೆ ಮೊದಲೇ ಮೂವರೂ ಗಂಟುಮೂಟೆ ಕಟ್ಟಬೇಕು. ಆ ಕಾಗದ ಆಗ ಅವರ ಮೇಜಿನ ಮೇಲಿತ್ತು. ಇದು ಅವರಿಗೂ ಗೊತ್ತು, ರೋಷನ್‌ಗೂ ಗೊತ್ತು, ರೋಷನ್ ಹೆಂಡತಿ ಲವೀನಾಗಂತೂ ಇಪ್ಪತ್ತನಾಲ್ಕು ಗಂಟೆಯೂ ಗೊತ್ತು.

ಅಂಥ ಹೊತ್ತಿನಲ್ಲಿ ದಂಡಯಾತ್ರೆ ಬಂತು. ಕ್ಯಾಮರೂನ್ ಹೈಲ್ಯಾಂಡ್ಸ್‌ಗೆ ಇಪ್ಪತ್ತೆರಡು ಕಾರು, ಒಂದರ ಹಿಂದೆ ಒಂದು, ಪ್ರತಿ ಕಾರಿಗೆ ನಂಬರ್. ದಿನ ಯಾವುದು? ಚೀನೀ ಹೊಸ ವರ್ಷದ ಎರಡನೇ ದಿನ. ಜೊತೆಗೆ ಒಂದು ಆಜ್ಞೆ: ಯಾರೂ ಊಟದ ಡಬ್ಬಿ ತರಕೂಡದು. ಹಿಂದಿನ ವರ್ಷ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ನಾವು ಚಾಪೆ ಹಾಸಿ ಚಿತ್ರಾನ್ನ ಮೊಸರನ್ನ ಬಿಚ್ಚಿದ್ದನ್ನು ಅವರ ಕಂಪನಿಯ ಯಾರೋ ದೊಡ್ಡ ಸಾಹೇಬರು ನೋಡಿಬಿಟ್ಟಿದ್ದರು. ಆ ಅವಮಾನ ಅವರಿಗೆ ಇನ್ನೂ ಇಳಿದಿರಲಿಲ್ಲ. ಆದರೆ ಕಾರಣ ಕೊಟ್ಟದ್ದು ಬೇರೆ.

"ಎಂಪರರ್ ಆರ್ಮಿ ಯಾಕೆ ಫಾಸ್ಟ್ ಇತ್ತು ಗೊತ್ತಾ? ಅಡುಗೆಮನೆ ಹೊತ್ಕೊಂಡು ಹೋಗ್ತಿರ್ಲಿಲ್ಲ. ಹೋದಲ್ಲಿ ಸಿಕ್ಕಿದ್ದು ತಿನ್ನೋದು. ನಾವೂ ಹಾಗೇ. ದಾರಿಲಿ ಮಾಮಕ್ ಅಂಗಡಿ, ತಮಿಳು ಸಾಬರ ಹೋಟೆಲ್ ಇರುತ್ತೆ, ತಿನ್ನೋದು, ಹೋಗೋದು."

ಡಾಕ್ಟ್ರಮ್ಮ ಹೇಳಿದರು, "ಏನಪಾ, ಅವತ್ತು ಚೀನೀಯರ ಅಂಗಡಿ ಎಲ್ಲಾ ಬಂದ್ ಇರ್ತಾವ. ಇಡೀ ದೇಶದ ಮಂದಿ ಉಳಿದ ನಾಕು ಅಂಗಡಿಗೆ ಬೀಳ್ತದ. ನಾ ಐವತ್ತು ವರ್ಷ ನೋಡೀನಿ."

"ಪ್ಲ್ಯಾನ್ ಇದೆ ಡಾಕ್ಟ್ರಮ್ಮ. ಯು ಜಸ್ಟ್ ಎಂಜಾಯ್."

ಅದೇ ಚಕ್ರವರ್ತಿ ರಷ್ಯಾಕ್ಕೆ ಹೋಗುವಾಗ ಗಾಡಿಗಟ್ಟಲೆ ದವಸ ಹೊರಿಸಿಕೊಂಡು ಹೊರಟಿದ್ದ, ಅವು ಕೆಸರಲ್ಲಿ ಹೂತು ಹಿಂದೆ ಉಳಿದವು. ಇವರು ಆ ಪುಟ ಓದಿರಲಿಲ್ಲವೋ ಏನೋ. ಗೆದ್ದ ಪುಟಗಳನ್ನು ಮಾತ್ರ ಓದುವ ಜಾತಿ.

ಬೆಳಗ್ಗೆ ಆರಕ್ಕೆ ಕಾಂಡೋ ಗೇಟಿನ ಮುಂದೆ ತಪಾಸಣೆ. ನಮ್ಮ ಹೆಂಗಸರು ಆಜ್ಞೆ ಕೇಳಿ ಡಬ್ಬಿ ಬಿಡುವವರೇ? ಸೀಟಿನ ಕೆಳಗೆ ಪುಳಿಯೋಗರೆ, ಸ್ಟೆಪ್ನಿ ಪಕ್ಕ ಚಪಾತಿ. ಎಲ್ಲವನ್ನೂ ಒಂದೊಂದಾಗಿ ಹೊರಗೆ ತೆಗೆಸಿ ಗಾರ್ಡ್ ಕೋಣೆಯ ಮೇಜಿನ ಮೇಲೆ ಇರಿಸಿದರು. ಲವೀನಾ ನೀರ್ ದೋಸೆಯ ಡಬ್ಬಿ ಕೊಡಲು ಒಂದು ಕ್ಷಣ ತಡೆದಳು. ಅವರು ನಗುತ್ತಾ, "ರೋಷನ್, ನಿಮ್ಮ ಮನೇಲಿ ಡಿಸಿಪ್ಲಿನ್ ಸ್ವಲ್ಪ ಕಮ್ಮಿ ಅಲ್ವಾ?" ಎಂದರು. ಅವಳು ಕೊಟ್ಟಳು. ನಾನೂ ಕೊಟ್ಟೆ. ಅವತ್ತು ನಮ್ಮ ಪೈಕಿ ಹೊಟ್ಟೆ ತುಂಬ ಉಂಡವನು ಆ ಗಾರ್ಡ್ ಒಬ್ಬನೇ.

ರೋಷನ್‌ಗೆ ಕೊನೆಯ ಕಾರು. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ಅವನ ಕೆಲಸ.

ಘಾಟಿ ಹತ್ತಿ ಮುಗಿಯುವಷ್ಟರಲ್ಲಿ ಕಾರುಗಳು ನಿಂತವು. ನಿಂತವು ಅಂದರೆ ನಿಂತವು. ಎರಡು ಗಂಟೆಯಲ್ಲಿ ಒಂದು ತಿರುವು ದಾಟಿದೆವು. ಚೀನೀಯರ ಅಂಗಡಿಗಳ ಬಾಗಿಲಿಗೆ ಕೆಂಪು ಕಾಗದ ಅಂಟಿತ್ತು. ತೆರೆದಿದ್ದ ಒಂದೇ ಮಾಮಕ್ ಅಂಗಡಿಯ ಮುಂದೆ ರಸ್ತೆವರೆಗೆ ಸಾಲು, ಒಳಗಿನಿಂದ ಒಬ್ಬ "ಹಾಬಿಸ್! ಹಾಬಿಸ್!" ಎಂದು ಕೈಯಾಡಿಸುತ್ತಿದ್ದ. ಮುಗಿಯಿತು ಎಂದು ಅರ್ಥ. ಮಧ್ಯಾಹ್ನ ಎರಡಾಯಿತು, ಮೂರಾಯಿತು. ಸಿಕ್ಕಿದ್ದು ಸ್ಟ್ರಾಬೆರಿ. ಹಸಿದ ಹೊಟ್ಟೆಗೆ ಹುಳಿ ಸ್ಟ್ರಾಬೆರಿ ತಿಂದು ನೋಡಿ, ಗೊತ್ತಾಗುತ್ತದೆ. ಮಕ್ಕಳು ವಾಂತಿ ಮಾಡಿಕೊಂಡವು. ಡಾಕ್ಟ್ರಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದರು.

ಆಗ ಒಂದನೇ ನಂಬರ್ ಕಾರಿನಿಂದ ಗ್ರೂಪಿಗೆ ಅಪ್ಪಣೆ ಬಂತು. ಎಲ್ಲರೂ ಸ್ಟ್ರಾಬೆರಿ ತೋಟದ ಪಾರ್ಕಿಂಗ್‌ನಲ್ಲಿ ನಿಂತಿರಿ, ನಾನು ಮುಂದೆ ಹೋಗಿ ದಾರಿ ನೋಡಿ ಬರುತ್ತೇನೆ. ನಾವು ನಿಂತೆವು. ಒಂದು ಗಂಟೆ, ಎರಡು ಗಂಟೆ. ಫೋನ್ ಎತ್ತಲಿಲ್ಲ. ಕೊನೆಗೆ ರೋಷನ್ ಅವರ ಭಾಮೈದನಿಗೆ ಫೋನ್ ಮಾಡಿದ.

"ನಾವು ಇನ್ನೊಂದು ದಾರೀಲಿ, ತಾಪಾ ಕಡೆಯಿಂದ ಇಳಿದುಬಿಟ್ವಿ ಗುರು," ಎಂದ ಭಾಮೈದ. "ಭಾವಂಗೆ ಸ್ವಲ್ಪ ಗ್ಯಾಸ್ಟ್ರಿಕ್. ನೀನಿದ್ದೀಯಲ್ಲ ಲಾಸ್ಟಲ್ಲಿ."

ರಷ್ಯಾದ ಹಿಮದಲ್ಲಿ ಸೈನ್ಯವನ್ನು ಬಿಟ್ಟು ಜಾರುಗಾಡಿ ಹತ್ತಿ ಪ್ಯಾರಿಸ್‌ಗೆ ಓಡಿದನಲ್ಲ ಅವನು, ಅವನಿಗಾದರೂ ಒಂದು ನೆಪವಿತ್ತು, ರಾಜಧಾನಿಯಲ್ಲಿ ಯಾರೋ ದಂಗೆ ಎದ್ದಿದ್ದರು. ಇವರಿಗೆ ಗ್ಯಾಸ್ಟ್ರಿಕ್.

ರೋಷನ್ ನಡೆದುಕೊಂಡೇ ಹೋಗಿ ಟೀ ಎಸ್ಟೇಟಿನ ಕೂಲಿ ಮನೆಗಳ ಪಕ್ಕ ಒಬ್ಬ ತಮಿಳು ಅಕ್ಕನ ಪುಟ್ಟ ಅಂಗಡಿ ಹುಡುಕಿದ. ಅವಳೂ "ಎಲ್ಲಾಂ ಮುಡಿಂಜು ಪೋಚ್ಚು ತಂಬಿ" ಎಂದಳು. ಇವನು ಬಿಡಲಿಲ್ಲ. "ಅಕ್ಕಾ, ಅಕ್ಕಿ ಇದೆಯಾ? ಪಾತ್ರೆ ಇದೆಯಾ? ನಾನೇ ಮಾಡ್ತೇನೆ," ಎಂದು ಅವಳ ಅಡುಗೆಮನೆಗೆ ನುಗ್ಗಿದ. ಅವಳ ಮನೆಯ ಅಕ್ಕಿಯಲ್ಲಿ ಗಂಜಿ ಬೇಯಿಸಿ, ಉಪ್ಪಿನಕಾಯಿ ಹಾಕಿ, ನಲವತ್ತೈದು ಜನಕ್ಕೆ ಪ್ಲಾಸ್ಟಿಕ್ ಲೋಟದಲ್ಲಿ ಹಂಚಿದ. ಡಾಕ್ಟ್ರಮ್ಮನಿಗೆ ಲವೀನಾ ತಾನೇ ಕುಡಿಸಿದಳು. ಆಮೇಲೆ ಒಂದೊಂದೇ ಕಾರನ್ನು ಇಳಿಸಿ, ತಾನು ಕೊನೆಗೆ ಇಳಿದ. ನಾವು ಪಿನಾಂಗ್ ಸೇತುವೆ ದಾಟುವಾಗ ಮರುದಿನದ ಬೆಳಕು ಹರಿಯುತ್ತಿತ್ತು.

ಗ್ರೂಪು ನೋಡಿದರೆ ಅಷ್ಟರಲ್ಲೇ ಅವರ ಸಂದೇಶ. ಹವಾಮಾನ ಮತ್ತು ಟ್ರಾಫಿಕ್ ಸಹಕರಿಸದಿದ್ದರೂ ಪ್ರವಾಸ ಯಶಸ್ವಿ. ದೇವರ ದಯೆಯಿಂದ ನಾನೂ ಕುಟುಂಬವೂ ಸುಖವಾಗಿ ತಲುಪಿದ್ದೇವೆ. ಸೈನ್ಯವೆಲ್ಲ ಸತ್ತುಹೋದ ಸುದ್ದಿ ಕೊಡುವ ಪ್ರಕಟಣೆಯ ಕೊನೆಯಲ್ಲೂ ಚಕ್ರವರ್ತಿಯ ಆರೋಗ್ಯ ಬಹಳ ಚೆನ್ನಾಗಿದೆ ಎಂದು ಬರೆಸಿದ್ದನಂತೆ. ಇವರು ಓದಿ ಕಲಿತರೋ, ಇಂಥವರಿಗೆಲ್ಲ ಹುಟ್ಟಿನಿಂದಲೇ ಬರುತ್ತದೋ, ನನಗೆ ಗೊತ್ತಿಲ್ಲ.

ಅವತ್ತು ಮಾತ್ರ ಜನ ಕೆರಳಿದರು. ಒಂದು ವಾರದಲ್ಲಿ ರಾಜೀನಾಮೆ ಪಡೆದೆವು. ಅವರು ರಜೆ ಹಾಕಿ ಕೌಲಾಲಂಪುರದ ಪಕ್ಕದ ಸುಬಾಂಗ್ ಜಯಾದ ಅಕ್ಕನ ಮನೆಗೆ ಹೋದರು. ನೆಪೋಲಿಯನ್ನನನ್ನು ದ್ವೀಪಕ್ಕೆ ಅಟ್ಟಿದರು, ಇವರನ್ನು ನಾವು ಪಿನಾಂಗ್ ದ್ವೀಪದಿಂದ ಅಟ್ಟಿದ್ದೇವೆ ಎಂದು ನನ್ನ ಗಂಡ ಜೋಕ್ ಮಾಡಿದರು. ಮೂರು ವಾರ ನಕ್ಕೆವು.

ನಾಲ್ಕನೇ ವಾರ ಅವರು ವಾಪಸ್ ಬಂದರು. ವಾರ್ಷಿಕ ಸಭೆಯಲ್ಲಿ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದರು. ರಾಜೀನಾಮೆ ಕೇಳಲು ಹೋಗಿದ್ದವರೇ ಒಬ್ಬೊಬ್ಬರಾಗಿ ಅವರನ್ನು ಕಾಫಿಗೆ ಕರೆದರು. ಆದರೆ ಆ ಪ್ರವಾಸದ ಕಳಂಕ ತೊಳೆಯಬೇಕಿತ್ತಲ್ಲ? ರೋಷನ್‌ನನ್ನು ಕ್ಯಾಬಿನ್ನಿಗೆ ಕರೆದು, ಪಾಸಿನ ಕಾಗದವನ್ನು ಮೇಜಿನ ಮೇಲೆ ಇಟ್ಟು, "ಒಂದು ಸಣ್ಣ ಕ್ಲಾರಿಫಿಕೇಶನ್ ಹಾಕಿಬಿಡಪ್ಪಾ ಗ್ರೂಪಲ್ಲಿ" ಎಂದರು. ಏನು ಬರೆಯಬೇಕೆಂದು ತಾವೇ ಟೈಪ್ ಮಾಡಿ ಅವನ ಫೋನಿಗೆ ಕಳಿಸಿದರು.

ರೋಷನ್ ಆ ಸಂಜೆ ಹಾಕಿದ. ದಾರಿಯ ಗೊಂದಲಕ್ಕೆ ಸಾರಿಗೆ ಉಸ್ತುವಾರಿಯಾದ ನಾನೇ ಕಾರಣ, ಅಧ್ಯಕ್ಷರಿಗೆ ತಪ್ಪು ಮಾಹಿತಿ ಕೊಟ್ಟಿದ್ದೆ, ಕ್ಷಮಿಸಿ. ನಮಗೆ ಗಂಜಿ ಕೊಟ್ಟವನು ನಮ್ಮ ಮುಂದೆ ಕ್ಷಮೆ ಕೇಳುತ್ತಿದ್ದ. ಸುಳ್ಳೆಂದು ಎಲ್ಲರಿಗೂ ಗೊತ್ತು. ಮೂವತ್ತು ಜನ ಕೈಮುಗಿದ ಚಿತ್ರ ಹಾಕಿದರು. ಮೂವತ್ತೊಂದನೆಯವಳು ನಾನು. ನನ್ನ ಗಂಡನ ಕಂಪನಿಯವರಿಗೂ ಅವರಿಗೂ ಸ್ನೇಹವಿತ್ತು ಎಂಬುದು ನನ್ನ ನೆಪ. ಉಳಿದವರ ಹತ್ತಿರವೂ ಒಂದೊಂದು ಇತ್ತು.

ಮರುದಿನ ನಾನು ಲವೀನಾ ಮನೆಗೆ ಹೋದೆ. ಅಳುತ್ತಿರುತ್ತಾಳೆ ಅಂದುಕೊಂಡಿದ್ದೆ. ಅವಳು ಬಂಗುಡೆ ತೊಳೆಯುತ್ತಿದ್ದಳು.

"ಬರೆಯಿರಿ ಅಂತ ನಾನೇ ಹೇಳಿದ್ದು ಅಕ್ಕ," ಎಂದಳು. "ಸಹಿ ಹಾಕಿದ್ರು. ಅರ್ಜಿ ಹೋಗಿ ಆಯ್ತು. ಅಪ್ರೂವಲ್ ಬರುವವರೆಗೆ ನನಗೆ ಬಾಯಿ ಇಲ್ಲ. ಬಂದ ಮೇಲೆ ಉಂಟು."

ಶುಕ್ರವಾರ ಅಪ್ರೂವಲ್ ಬಂತು. ಸಭೆ ಇದ್ದದ್ದು ಭಾನುವಾರ. ಅವಳು ನನ್ನೊಬ್ಬಳಿಗೆ ಹೇಳಿದಳು.

ಸಭೆಗೆ ಮೊದಲು ನಾವೆಲ್ಲ ಅವರನ್ನು ಸೋಲಿಸಬೇಕೆಂದು ಗಟ್ಟಿಯಾಗಿ ಮಾತಾಡಿಕೊಂಡಿದ್ದೆವು. ಅವರು ಎದ್ದು ಬಂದು, ಮೈಕ್ ಪಕ್ಕಕ್ಕಿಟ್ಟು, ಎರಡೂ ಕೈ ಬಿಟ್ಟುಕೊಂಡು ನಮ್ಮ ಮುಂದೆ ನಿಂತರು. "ನಾನಿಲ್ಲೇ ಇದ್ದೀನಿ. ಹೋಗು ಅನ್ನೋರು ನನ್ನ ಮುಖ ನೋಡಿ ಹೇಳಿ."

ಉತ್ತರವಾಗಿ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದರೆ ನನ್ನ ಗಂಡ.

"ಯಾಕ್ರೀ?" ಎಂದೆ ಹಲ್ಲು ಕಚ್ಚಿ.

"ಗೊತ್ತಿಲ್ಲ ಕಣೇ. ಕೈ ತಾನೇ ಹೋಯ್ತು."

ಚಪ್ಪಾಳೆ ಹರಡುತ್ತಿತ್ತು. ಲವೀನಾ ಎದ್ದಳು. "ಸರ್, ಒಂದು ಪ್ರಶ್ನೆ ಉಂಟು. ರೋಷನ್ ಗ್ರೂಪಲ್ಲಿ ಕ್ಷಮೆ ಕೇಳಿದ್ರಲ್ಲ, ಅದನ್ನು ಬರೆದದ್ದು ಯಾರು?"

"ಲವೀನಾ, ಅದು ಮುಗಿದ ವಿಷಯ."

"ಇಲ್ಲಿ ಉಂಟಲ್ಲ ಸರ್ ಫೋನಲ್ಲಿ. ನಿಮ್ಮ ನಂಬರಿಂದ ಬಂದದ್ದು. ಓದ್ತೇನೆ." ಓದಿದಳು. ಕೊನೆಯ ಸಾಲನ್ನೂ ಓದಿದಳು: ಹಾಗೇ ಕಾಪಿ ಪೇಸ್ಟ್ ಮಾಡು, ಏನೂ ಬದಲಾಯಿಸಬೇಡ.

ಅವರ ಮುಖ ಕೆಂಪಾಯಿತು. "ರೋಷನ್, ನಿನ್ನ ಪೇಪರ್ ಇನ್ನೂ ನನ್ನ ಕೈಯಲ್ಲೇ..." ಎಂದು ಅಲ್ಲಿಗೇ ನಿಂತರು. ಕೇಳಬೇಕಾದವರೆಲ್ಲ ಕೇಳಿಸಿಕೊಂಡರು. ಲವೀನಾ ಕೂತಳು. ಅಪ್ರೂವಲ್ ಬಂದಾಗಿದೆ, ಪೇಪರ್ ಈಗ ಅವರ ಕೈಯಲ್ಲಿಲ್ಲ ಎಂದು ಹೇಳಲೇ ಇಲ್ಲ.

ಅವರಿಗೆ ಬೇಕಿದ್ದುದು ಕೈ ಎತ್ತುವ ಮತದಾನ. ಡಾಕ್ಟ್ರಮ್ಮ ಕೂತಲ್ಲಿಂದಲೇ ಹೇಳಿದರು, "ಕೈ ಬ್ಯಾಡ. ಈ ಮಂದಿ ಕೈ ನಾ ನೋಡೀನಿ. ಚೀಟಿ ತರ್ರಿ." ಚೀಟಿ ಬಂತು. ಅವರ ಮನೆಯವರದೇ ಆರು ಮತ. ಎಣಿಸಿದಾಗ ಅವರಿಗೆ ಬಿದ್ದದ್ದು ಐದು. ಆ ಆರನೆಯವರು ಯಾರೆಂದು ಅವರು ಎಷ್ಟು ರಾತ್ರಿ ಯೋಚಿಸಿದರೋ. ನನಗೆ ಅವರ ಹೆಂಡತಿಯ ಮೇಲೆ ಅನುಮಾನ, ಗೌರವ ಕೂಡ.

ಆಮೇಲೆ ಆರು ವರ್ಷ ಅವರು ಇದೇ ಕಟ್ಟಡದಲ್ಲಿದ್ದರು. ಲಿಫ್ಟಿನಲ್ಲಿ ಸಿಕ್ಕರೆ ಮಹಡಿಯ ನಂಬರ್ ನೋಡುತ್ತಿದ್ದರು. ನೆಪೋಲಿಯನ್ ಸೋತಾಗ ಅವನ ಮುದುಕ ಸೈನಿಕರು ಅತ್ತಿದ್ದರಂತೆ. ಇವರಿಗಾಗಿ ಅತ್ತವರು ಯಾರೂ ಇಲ್ಲ. ರಿಯಾ ಪರೀಕ್ಷೆ ಬರೆದಳು, ಕಾಲೇಜು ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ.

ನನಗೆ ಗೊತ್ತಿದ್ದ ಕಥೆ ಇಷ್ಟೇ. ಆದರೆ ಮೊನ್ನೆ ನಾನೂ ನನ್ನ ಗಂಡನೂ ರೋಷನ್, ಲವೀನಾ ಜೊತೆ ಟೀಗೆ ಕೂತಾಗ, ನೆನಪಿನ ಪುಸ್ತಕಕ್ಕೆ ಏನು ಬರೆಯುತ್ತೀಯ ಎಂದು ರೋಷನ್‌ನನ್ನು ಕೇಳಿದೆ. ಅವನು ಟೀ ಲೋಟ ಕೆಳಗಿಟ್ಟು ಹೇಳಿದ.

ಸಭೆಯ ಮರುದಿನ ಸೋಮವಾರ, ಪಾಸಿನ ಸ್ಟಿಕ್ಕರ್ ಹಾಕಿಸಲು ಮೂವರ ಪಾಸ್‌ಪೋರ್ಟ್ ಹಿಡಿದು ಅವನು ಎಚ್‌ಆರ್ ಕೌಂಟರಿಗೆ ಹೋಗಿದ್ದ. ಕೌಂಟರಿನಲ್ಲಿ ಇವರು ನಿಂತಿದ್ದರು. ಬಾಗಿಲ ಕಡೆ ಬೆನ್ನು. ರೋಷನ್ ವಿಷಯದಲ್ಲಿ ಕೊಟ್ಟ ಶಿಫಾರಸು ವಾಪಸ್ ಬೇಕು ಎಂದು ಕೇಳುತ್ತಿದ್ದರು. ಅಲ್ಲಿಯ ಮಲಯ್ ಹೆಂಗಸು ಝೈ, "ಸುದಾ ಅಪ್ರೂವ್ ಲಾ, ಬಾಸ್, ಆಗಲೇ ಅಪ್ರೂವ್ ಆಗಿಹೋಗಿದೆ. ಅದೋ, ಪಾಸ್‌ಪೋರ್ಟ್ ತಂದಿದ್ದಾರೆ," ಎಂದು ಇವನ ಕಡೆ ಬೆರಳು ಮಾಡಿದಳು. ಅವರು ತಿರುಗಿದರು.

"ಹೊರಗೆ ಬಂದು ನನ್ನ ಕೈ ಹಿಡ್ಕೊಂಡ್ರು ಅಕ್ಕ," ಎಂದ ರೋಷನ್. "ಇದು ಯಾರಿಗೂ ಹೇಳ್ಬೇಡಪ್ಪಾ, ಮರ್ಯಾದೆ ಪ್ರಶ್ನೆ ಅಂದ್ರು. ನಾನು ಆಯ್ತು ಸರ್ ಅಂದೆ."

"ಆರು ವರ್ಷ ನನಗೂ ಹೇಳ್ಲಿಲ್ಲವಾ ಮಾರಾಯ್ರೆ?" ಎಂದಳು ಲವೀನಾ.

"ಮಾತು ಕೊಟ್ಟಿದ್ದೆ. ಇವತ್ತು ಬಾಯಿ ತಪ್ಪಿತು."

ಇದನ್ನು ಬರೆಯಲಾ ಎಂದು ಕೇಳಿದೆ. ಅವನು ಬೇಡ ಎನ್ನುವಂತೆ ತಲೆಯಾಡಿಸಿದ.

"ಬರೀರಿ ಅಕ್ಕ," ಎಂದಳು ಲವೀನಾ. "ಮಾತು ಕೊಟ್ಟದ್ದು ಇವರು. ನೀವು ಕೊಟ್ಟಿಲ್ಲವಲ್ಲ."

ಹೌದು, ನಾನು ಕೊಟ್ಟಿರಲಿಲ್ಲ.